ಉಡುಪಿಯಿಂದ ಗ್ರೀನ್ ಗೇಟಿಗೆ, ಕಾರಿಲ್ಲದೆ

"ಗೋವಾಕ್ಕೆ ಹೋಗೋಕೆ ಮುಂಬೈಗೆ ಯಾಕೆ ಹೋಗ್ತೀರಿ ಮಾರಾಯ್ರೇ?"

ಪಕ್ಕದ ಮನೆಯವರು ಹೀಗೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಉಡುಪಿಯಿಂದ ಮಡಗಾಂವ್‌ಗೆ ರೈಲಿನಲ್ಲಿ ನಾಲ್ಕು ಗಂಟೆ ಸಾಕು. ನಾವು ಆ ಮಡಗಾಂವ್ ದಾಟಿ, ರಾತ್ರಿಯಿಡೀ ರೈಲಿನಲ್ಲಿ ಕೂತು, ಮುಂಬೈಯಲ್ಲಿ ಹಡಗು ಹತ್ತಿ, ಮತ್ತೆ ಗೋವಾಕ್ಕೇ ಬಂದು ಇಳಿಯುವವರಿದ್ದೆವು.

ಕಾರಣ ಅಮ್ಮ. ಅವರ ಅಪ್ಪ ಹುಡುಗನಾಗಿದ್ದಾಗ ಮಂಗಳೂರಿನಿಂದ ಸ್ಟೀಮರ್ ಹತ್ತಿ ಬೊಂಬಾಯಿಗೆ ಹೋದವರು, ಅಲ್ಲಿ ಹೋಟೆಲಿನಲ್ಲಿ ಲೋಟ ತೊಳೆದು ಬದುಕು ಶುರು ಮಾಡಿದವರು. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ. ಅದಕ್ಕೂ ಬಹಳ ಹಿಂದೆ ನಮ್ಮ ಕರಾವಳಿಯವರಿಗೆ ಬೊಂಬಾಯಿಯ ದಾರಿ ಅಂದರೆ ಸಮುದ್ರವೇ. ಅಜ್ಜ ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗಿದ ಕಥೆಯನ್ನು ಅಮ್ಮ ನೂರು ಸಲ ಹೇಳಿದ್ದಾರೆ. ಆದರೆ ಅವರು ಮಾತ್ರ 72 ವರ್ಷಕ್ಕೂ ಒಂದು ಹಡಗು ಹತ್ತಿರಲಿಲ್ಲ. ದೊಡ್ಡ ವಿದೇಶಿ ಹಡಗುಗಳು ನಮ್ಮ ಪಣಂಬೂರಿಗೂ ಬರುತ್ತವೆ, ನಿಜ. ಆ ಪ್ರವಾಸಿಗರು ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ, ಎಳನೀರು ಕುಡಿದು, ಸಂಜೆಗೆ ಹೊರಟುಬಿಡುತ್ತಾರೆ. ನಮ್ಮ ಕೈಗೆಟುಕುವ ಕ್ರೂಸ್ ಹಡಗು ಹೊರಡುವುದು ಮುಂಬೈಯಿಂದ.

ಹಾಗಾಗಿ 2025ರ ಜನವರಿಯಲ್ಲಿ ನಾನು, ಹೆಂಡತಿ, ಅಮ್ಮ ಮೂವರೂ ಹೊರಟೆವು. ಹೇಗೆ ಹೋದೆವು ಎನ್ನುವುದನ್ನು ಬರೆಯುತ್ತಿದ್ದೇನೆ, ಯಾಕೆಂದರೆ ಹಡಗಿನ ಒಳಗಿನ ಊಟ, ಈಜುಕೊಳದ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಹಡಗಿನ ಬಾಗಿಲವರೆಗೆ ಹೋಗುವುದು ಹೇಗೆ ಅಂತ ಕೇಳಿದರೆ "ಕಾರಲ್ಲಿ ಹೋಗಿ" ಎನ್ನುತ್ತಾರೆ.

ಕಾರು ನಮ್ಮಲ್ಲೂ ಇದೆ. ಲೆಕ್ಕ ಹಾಕಿ ನೋಡಿದೆ. ಉಡುಪಿಯಿಂದ ಮುಂಬೈ ಸುಮಾರು 900 ಕಿ.ಮೀ. ಮಹಾರಾಷ್ಟ್ರದ ಕಡೆ ಹೆದ್ದಾರಿ ಅಗಲ ಮಾಡುವ ಕೆಲಸ 2011ರಿಂದ ಆಗಲೂ ನಡೆಯುತ್ತಲೇ ಇತ್ತು. ನನಗೆ ರಾತ್ರಿ ಎದುರಿನ ಲೈಟು ಕಣ್ಣಿಗೆ ಹೊಡೆಯುತ್ತದೆ, ಹಾಗಾಗಿ ಹೋಗುತ್ತಾ ಎರಡು ದಿನ ಬೇಕು. ಅಷ್ಟಾದ ಮೇಲೆ ಆ ಕಾರನ್ನು ದಕ್ಷಿಣ ಮುಂಬೈಯಲ್ಲಿ ಎಲ್ಲಿ ನಿಲ್ಲಿಸುವುದು? ನಿಲ್ಲಿಸಿದೆವು ಅಂತಲೇ ಇಟ್ಟುಕೊಳ್ಳಿ, ಆಗ ಹಡಗಿನಲ್ಲಿ ಮುಂಬೈಗೇ ವಾಪಸ್ ಬರಬೇಕು. ಇಲ್ಲೇ ನನಗೆ ತಲೆಗೆ ಹೊಳೆದದ್ದು: ಕಾರು ಇಲ್ಲದಿದ್ದರೆ ವಾಪಸ್ ಬರುವ ಅಗತ್ಯವೇ ಇಲ್ಲ. ಗೋವಾದಲ್ಲೇ ಇಳಿದು ಮನೆಗೆ ಬಂದುಬಿಡಬಹುದು. ಬುಕಿಂಗ್‌ನಲ್ಲಿ ಹುಡುಕಿದರೆ ಎರಡು ರಾತ್ರಿಯ ಏಕಮುಖ ಟಿಕೆಟ್ ಸಿಕ್ಕಿತು. ಗುರುವಾರ ಹತ್ತಿ, ಶನಿವಾರ ಬೆಳಿಗ್ಗೆ ಮುರಗಾಂವ್ ಬಂದರಿನಲ್ಲಿ ಇಳಿಯುವುದು.

ವಿಮಾನ ಯಾಕೆ ಬೇಡ ಅಂತ ಕೇಳಬಹುದು. ಅಮ್ಮನಿಗೆ ಕಿವಿ ನೋವು ಬರುತ್ತದೆ, ಅಷ್ಟೇ.

ಒಂದು ಸಣ್ಣ ಎಡವಟ್ಟು ಇಲ್ಲೇ ಇದೆ. ಹಡಗಿನ ಟಿಕೆಟನ್ನು ನಾವು ಸೆಪ್ಟೆಂಬರಿನಲ್ಲೇ ತೆಗೆದಿದ್ದೆವು. ಮೊದಲು ರೈಲಿನ ಬುಕಿಂಗ್ 120 ದಿನ ಮುಂಚೆ ಶುರುವಾಗುತ್ತಿತ್ತು. 2024ರ ನವೆಂಬರ್ 1ರಿಂದ ಅದು 60 ದಿನಕ್ಕೆ ಇಳಿಯಿತು. ಅಷ್ಟರೊಳಗೆ ನಾವು ರೈಲು ಬುಕ್ ಮಾಡಿರಲಿಲ್ಲ. ಅಂದರೆ ಹಡಗಿಗೆ ದುಡ್ಡು ಕಟ್ಟಿಯಾಗಿದೆ, ರೈಲಿಗೆ ಸೀಟು ಇದೆಯೋ ಇಲ್ಲವೋ ಗೊತ್ತಿಲ್ಲ. ಎರಡು ತಿಂಗಳ ಮುಂಚೆ ಬೆಳಿಗ್ಗೆ ಎಂಟಕ್ಕೆ ಮೊಬೈಲ್ ಹಿಡಿದು ಕೂತೆ. ಎಂಟೂ ಐದಕ್ಕೆ ಮೂರು ಬರ್ತ್ ಸಿಕ್ಕವು, ಅಮ್ಮನಿಗೆ ಕೆಳಗಿನದ್ದು. ಹಿರಿಯರಿಗೆ ಟಿಕೆಟ್ ರಿಯಾಯಿತಿ 2020ರಲ್ಲೇ ನಿಂತುಹೋಗಿದೆ. ಆದರೂ ವಯಸ್ಸು ಸರಿಯಾಗಿ ಹಾಕಿ, ಲೋವರ್ ಬರ್ತ್ ಸಿಗಲು ಅದು ಸಹಾಯಕ್ಕೆ ಬರುತ್ತದೆ. ರೈಲು ಕೈಕೊಟ್ಟರೆ ಅಂತ ಮುಂಬೈಗೆ ಹೋಗುವ ಎರಡು ಸ್ಲೀಪರ್ ಬಸ್ಸಿನ ನಂಬರನ್ನೂ ಬರೆದಿಟ್ಟುಕೊಂಡಿದ್ದೆ. ಬಳಸಬೇಕಾಗಿ ಬರಲಿಲ್ಲ.

ಆ ರೈಲು ಮತ್ಸ್ಯಗಂಧ. ನಮ್ಮೂರಿನ ಅರ್ಧ ಜನರ ಬದುಕು ಅದರ ಮೇಲೇ ನಿಂತಿದೆ. ಮಧ್ಯಾಹ್ನ ಮಂಗಳೂರು ಬಿಟ್ಟು, ಸಂಜೆ ನಾಲ್ಕರ ಆಸುಪಾಸಿಗೆ ಉಡುಪಿಗೆ ಬರುತ್ತದೆ, ಮಾರನೇ ದಿನ ಬೆಳಿಗ್ಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ ಮುಟ್ಟುತ್ತದೆ. ನಾವು ಹೋಗಿದ್ದು ಹಳೇ ನೀಲಿ ಬೋಗಿಯಲ್ಲಿ. ಮುಂದಿನ ತಿಂಗಳೇ ಹೊಸ ನಮೂನೆಯ ಎಲ್‌ಎಚ್‌ಬಿ ಬೋಗಿ ಬಂದವು, ನಮ್ಮ ಅದೃಷ್ಟ!

ಹಡಗು ಗುರುವಾರ. ನಾವು ರೈಲು ಹತ್ತಿದ್ದು ಮಂಗಳವಾರ. ಇದನ್ನು ಒತ್ತಿ ಹೇಳುತ್ತೇನೆ. ಬುಧವಾರ ರೈಲು ಹತ್ತಿದರೂ ಗುರುವಾರ ಬೆಳಿಗ್ಗೆ ಮುಂಬೈ ಸಿಗುತ್ತದೆ, ಲೆಕ್ಕದಲ್ಲಿ ಎಲ್ಲ ಸರಿ ಇರುತ್ತದೆ. ಆದರೆ ಕೊಂಕಣದ ಹಳಿ ಬಹುತೇಕ ಒಂಟಿ ಹಳಿ. ಎದುರಿನ ಗಾಡಿಗೆ ದಾರಿ ಬಿಡಲು ನಿಂತರೆ ನಿಂತ ಹಾಗೆಯೇ. ನಾವೂ ಮಡಗಾಂವ್ ಆಚೆ ಒಂದು ಸಣ್ಣ ಸ್ಟೇಷನ್ನಿನಲ್ಲಿ ಸುಮ್ನೆ ನಿಂತೆವು. ಪಕ್ಕದ ಹಳಿಯಲ್ಲಿ ಲಾರಿಗಳನ್ನು ಬೆನ್ನ ಮೇಲೆ ಹೊತ್ತ ಗೂಡ್ಸ್ ರೈಲು. ಸುರತ್ಕಲ್ ಮತ್ತು ಕೋಲಾಡ್ ನಡುವೆ ಓಡುವ ರೋ-ರೋ ಅದು. ಒಬ್ಬ ಡ್ರೈವರ್ ಲಾರಿಯ ಕ್ಯಾಬಿನ್ನಿನಲ್ಲಿ ಕಾಲು ಚಾಚಿ ಮಲಗಿ ಮೊಬೈಲ್ ನೋಡುತ್ತಿದ್ದ. "ನೋಡು, ಅವನೂ ಡ್ರೈವಿಂಗ್ ಮಾಡದೆ ಮುಂಬೈ ಕಡೆ ಹೊರಟಿದ್ದಾನೆ" ಎಂದಳು ಹೆಂಡತಿ. ಒಟ್ಟು ಒಂದೂಕಾಲು ಗಂಟೆ ತಡವಾಯಿತು. ಅವತ್ತು ನಮಗೆ ಅದರಿಂದ ಏನೂ ತೊಂದರೆ ಇರಲಿಲ್ಲ.

ಕಿಟಕಿ ಬದಿ ಕೂರುವವರು ಹೊನ್ನಾವರದ ಹೊತ್ತಿಗೆ ಮೊಬೈಲ್ ಬದಿಗಿಡಿ. ಶರಾವತಿಯ ಮೇಲಿನ ಸೇತುವೆ ಎರಡು ಕಿ.ಮೀ.ಗೂ ಉದ್ದ, ಈ ಹಳಿಯಲ್ಲೇ ಅತಿ ಉದ್ದದ್ದು. ಚಳಿಗಾಲದಲ್ಲಿ ಸೂರ್ಯ ಸರಿಯಾಗಿ ಅಲ್ಲೇ ಮುಳುಗುತ್ತಿರುತ್ತಾನೆ.

ಕುರ್ಲಾದಲ್ಲಿ ಇಳಿದ ಮೇಲೆ ಬೆಂಗಳೂರು, ಮಂಗಳೂರಿನವರು ಮಾಡುವ ತಪ್ಪು ಒಂದಿದೆ. ಸ್ಟೇಷನ್ ಹೊರಗೆ ಆಟೋ ಸಾಲು ಕಾಣುತ್ತದೆ, ಕೈ ಬೀಸುತ್ತೇವೆ. ಮುಂಬೈಯಲ್ಲಿ ಆಟೋ ಸಯನ್ ದಾಟಿ ದಕ್ಷಿಣಕ್ಕೆ ಹೋಗುವಂತಿಲ್ಲ. ಬಂದರು ಇರುವುದು ದಕ್ಷಿಣದಲ್ಲೇ, ಹಾಗಾಗಿ ಟ್ಯಾಕ್ಸಿಯೇ ಬೇಕು. ಕೈಯಲ್ಲಿ ಒಂದೇ ಬ್ಯಾಗ್ ಇದ್ದರೆ ತಿಲಕ್ ನಗರ ಸ್ಟೇಷನ್ನಿಗೆ ನಡೆದು ಹಾರ್ಬರ್ ಲೈನಿನ ಲೋಕಲ್ ಹಿಡಿದು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಅಂದರೆ ಸಿಎಸ್‌ಎಂಟಿಗೆ ಹೋಗಬಹುದು. ಆದರೆ ಬೆಳಿಗ್ಗೆ ಎಂಟರ ನಂತರದ ನೂಕುನುಗ್ಗಲಿನಲ್ಲಿ ಮೂರು ಸೂಟ್‌ಕೇಸ್, ಒಬ್ಬ ಮಂಡಿನೋವಿನ ಅಮ್ಮನ ಜೊತೆ ಆ ಸಾಹಸ ಬೇಡ. ನಾವು ಕಪ್ಪು ಹಳದಿ ಟ್ಯಾಕ್ಸಿ ಹತ್ತಿದೆವು. ಚೆಂಬೂರಿನ ಹತ್ತಿರ ಈಸ್ಟರ್ನ್ ಫ್ರೀವೇ ಹಿಡಿದರೆ ಸುಮಾರು 17 ಕಿ.ಮೀ. ಉದ್ದಕ್ಕೆ ಸಿಗ್ನಲ್ಲೇ ಇಲ್ಲ, ಇಳಿಯುವುದು ಬಂದರಿನ ಗೋಡೆಯ ಪಕ್ಕದ ಪಿ. ಡಿಮೆಲ್ಲೋ ರಸ್ತೆಗೆ. "ಫ್ರೀವೇ ಸೇ ಚಲೋ" ಎಂದು ಮೊದಲೇ ಹೇಳಿಬಿಡಿ. ಅರ್ಧ ಗಂಟೆ ಚಿಲ್ಲರೆಯಲ್ಲಿ ಫೋರ್ಟ್ ಪ್ರದೇಶದ ಲಾಡ್ಜ್ ಬಾಗಿಲಲ್ಲಿದ್ದೆವು.

ಬುಧವಾರ ಪೂರ್ತಿ ನಮ್ಮದೇ. ಅಮ್ಮನನ್ನು ಮಾಟುಂಗಾಕ್ಕೆ ಕರೆದುಕೊಂಡು ಹೋಗಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಲೆ ಊಟ ಮಾಡಿಸಿದೆ. 1942ರಿಂದ ನಡೆಯುತ್ತಿರುವ ಜಾಗ. ಅಮ್ಮ ಸಾರು ಎರಡು ಸಲ ಹಾಕಿಸಿಕೊಂಡರು. ನಂತರ ಬಡಿಸುವವರ ಹತ್ತಿರ ಅಜ್ಜ ಕೆಲಸ ಮಾಡಿದ್ದ ಹೋಟೆಲಿನ ಗಲ್ಲಿಯ ಹೆಸರು ಹೇಳಿ ವಿಚಾರಿಸಿದರು. ಯಾರಿಗೂ ಗೊತ್ತಿರಲಿಲ್ಲ.

ಗುರುವಾರ ನಮ್ಮ ಬೋರ್ಡಿಂಗ್ ಪಾಸಿನಲ್ಲಿ ಬರೆದಿದ್ದ ಸಮಯ ಒಂದರಿಂದ ಎರಡೂವರೆ. ಹಡಗು ಹೊರಡುವುದು ಸಂಜೆ. ಈ ಎರಡನ್ನು ಒಂದೇ ಅಂತ ತಿಳಿಯುವವರೇ ಜಾಸ್ತಿ. ಗೇಟು ಮುಚ್ಚಿದ ಮೇಲೆ ಹಡಗು ಕಣ್ಣೆದುರು ನಿಂತಿದ್ದರೂ ನೀವು ಹೊರಗೇ. ಲಾಡ್ಜಿನಿಂದ ನಾವು ಒಳಗೆ ಹೋಗಬೇಕಿದ್ದ ಬಂದರಿನ ಗ್ರೀನ್ ಗೇಟ್ ಎರಡು ಕಿ.ಮೀ. ಕೂಡ ಇಲ್ಲ, ಆದರೂ ಹನ್ನೆರಡೂಕಾಲಿಗೇ ಹೊರಟೆವು. ಒಳ್ಳೆಯದೇ ಆಯಿತು.

ಮೊಬೈಲಿನಲ್ಲಿ ಟ್ಯಾಕ್ಸಿ ಬುಕ್ ಮಾಡಿದೆ. ಡ್ರೈವರ್ ಕೇಳಿದ, "ಕಹಾಂ ಜಾನಾ ಹೈ?" ನಾನು ದೊಡ್ಡದಾಗಿ, "ಜಹಾಜ್ ಪಕಡ್ನಾ ಹೈ" ಎಂದೆ. ಅವನು ತಲೆಯಾಡಿಸಿ ಹೊರಟ. ಐದು ನಿಮಿಷದ ದಾರಿ ಹತ್ತಾಯಿತು, ಹದಿನೈದಾಯಿತು. ನಾನು ಮ್ಯಾಪ್ ನೋಡುವ ಬದಲು ಹಡಗಿನ ಫೋಟೋ ತೆಗೆಯಲು ಕ್ಯಾಮೆರಾ ಸರಿ ಮಾಡುತ್ತಾ ಇದ್ದೆ. ಹಿಂದಿನಿಂದ ಅಮ್ಮ ಮೂಗು ಏರಿಸಿ ಹೇಳಿದರು, "ಇದು ಮಲ್ಪೆ ವಾಸನೆ ಅಲ್ವಾ?"

ಹೌದು, ಮೀನಿನ ವಾಸನೆಯೇ. ಅವನು ನಮ್ಮನ್ನು ಮಝಗಾಂವ್‌ನ ಭಾವುಚಾ ಧಕ್ಕಾಕ್ಕೆ ತಂದಿದ್ದ. ಮೀನಿನ ದೋಣಿಗಳು, ಅಲಿಬಾಗ್ ಕಡೆಯ ಮಾಂಡವಾಕ್ಕೆ ಹೋಗುವ ಫೆರಿ, ಎಲ್ಲ ಅಲ್ಲಿಯದು. ಅವನ ಪ್ರಕಾರ ಜಹಾಜ್ ಅಂದರೆ ಅದೇ. ಬೈಯುವ ಹಾಗೂ ಇಲ್ಲ, ಹೆಸರು ಹೇಳದಿದ್ದವನು ನಾನು. ಮುಂಬೈ ಬಂದರಿನ ಗೇಟುಗಳಿಗೆ ಬಣ್ಣದ ಹೆಸರು: ಗ್ರೀನ್, ರೆಡ್, ಯೆಲ್ಲೋ, ಆರೆಂಜ್. ನಿಮ್ಮ ಪಾಸಿನಲ್ಲಿ ಯಾವ ಬಣ್ಣ ಇದೆಯೋ ಅದನ್ನೇ, ಹಡಗು ನಿಲ್ಲುವ ಜಾಗವಾದ ಬಲ್ಲಾರ್ಡ್ ಪಿಯರ್ ಎನ್ನುವ ಹೆಸರಿನ ಜೊತೆ ಹೇಳಿ. ಹಡಗು, ಕ್ರೂಸ್, ಪೋರ್ಟ್ ಇವ್ಯಾವುವೂ ವಿಳಾಸ ಅಲ್ಲ. ವಾಪಸ್ ತಿರುಗಿ ಗ್ರೀನ್ ಗೇಟ್ ಮುಟ್ಟುವಾಗ ಒಂದೂ ಹತ್ತು.

ಹೊರಗಿನ ಸಾಲಿನಲ್ಲಿ ನಿಂತಾಗ ಒಂದು ಮಾತು ನೆನಪಾಗಿ ನಗು ಬಂತು. ಒಂದು ಕಾಲಕ್ಕೆ ಇಲ್ಲಿ ರೈಲೇ ಹಡಗಿನ ಬುಡದವರೆಗೆ ಬರುತ್ತಿತ್ತು. ಪಂಜಾಬ್ ಮೇಲ್ 1912ರಲ್ಲಿ ಹೊರಟಿದ್ದು ಇದೇ ಬಲ್ಲಾರ್ಡ್ ಪಿಯರ್‌ನಿಂದ. ಇಂಗ್ಲೆಂಡಿನಿಂದ ಬಂದ ಸಾಹೇಬರು ಹಡಗು ಇಳಿದು ನಾಲ್ಕು ಹೆಜ್ಜೆ ನಡೆದರೆ ರೈಲು. ನೂರು ವರ್ಷದ ಮೇಲೆ ನಾವು ಮೀನು ಮಾರ್ಕೆಟ್ ಸುತ್ತಿ ಬಂದಿದ್ದೆವು.

ಒಳಗೆ ಕೆಲಸ ಬೇಗ ಆಯಿತು. ಮೂಲ ಗುರುತಿನ ಚೀಟಿ, ವೆಬ್ ಚೆಕ್-ಇನ್ ಮಾಡಿದ ಪಾಸು, ಸೂಟ್‌ಕೇಸಿಗೆ ಕ್ಯಾಬಿನ್ ನಂಬರಿನ ಚೀಟಿ. ಸೂಟ್‌ಕೇಸ್ ಅಲ್ಲೇ ಕೊಟ್ಟರೆ ಕ್ಯಾಬಿನ್ ಬಾಗಿಲಿಗೆ ಬರುತ್ತದೆ, ಆದರೆ ಬರಲು ಸಂಜೆಯಾಗುತ್ತದೆ. ಅಮ್ಮನ ಮಾತ್ರೆ ಕೈಚೀಲದಲ್ಲೇ ಇಟ್ಟುಕೊಂಡಿದ್ದು ಬಚಾವಾಯಿತು. ಈಗ ಅಲ್ಲಿ ದೊಡ್ಡ ಹೊಸ ಟರ್ಮಿನಲ್ ಇದೆ, 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಹಾಗಾಗಿ ನಾವು ನಿಂತ ಸಾಲು, ನಾವು ಕೂತ ಕುರ್ಚಿ ನಿಮಗೆ ಸಿಗಲಿಕ್ಕಿಲ್ಲ.

ಸಿಕ್ಕಿಬಿದ್ದದ್ದು ಎಕ್ಸ್‌ರೇಯಲ್ಲಿ. ರೈಲಿಗೆ ಹೋಗುವವರು ತಿಂಡಿ ಕಟ್ಟಿಕೊಳ್ಳದೆ ಹೊರಡುವುದುಂಟೇ? ಹಡಗಿಗೆ ಹೊರಗಿನ ತಿಂಡಿ ಒಯ್ಯುವಂತಿಲ್ಲ. ಚಕ್ಕುಲಿ ಡಬ್ಬವನ್ನು ಅಮ್ಮ ಬೆಳಿಗ್ಗೆಯೇ ಲಾಡ್ಜಿನ ಹುಡುಗರಿಗೆ ಕೊಟ್ಟಿದ್ದರು. ಆದರೆ ಅವರ ಕೈಚೀಲದ ತಳದಲ್ಲಿ, ಬಟ್ಟೆಯಲ್ಲಿ ಸುತ್ತಿದ ಒಂದು ಚೂರಿ ಇತ್ತು. ಗೇಣುದ್ದದ್ದು, ಮರದ ಹಿಡಿ, ಮಸೆದು ಮಸೆದು ಅಲಗು ಅರ್ಧ ಸವೆದದ್ದು. ರೈಲಿನಲ್ಲಿ ಸೌತೆಕಾಯಿ ಕತ್ತರಿಸಲು ತಂದಿದ್ದರು. ಪರದೆಯಲ್ಲಿ ಅದು ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ ಹಿಂದೆ ನಿಂತ ಮಗುವೂ "ಚಾಕು!" ಎಂದಿತು. ಸೆಕ್ಯೂರಿಟಿಯ ಹುಡುಗಿ ನಗುತ್ತಲೇ ಅದನ್ನು ಕವರಿನಲ್ಲಿ ಹಾಕಿ, ನಂಬರ್ ಬರೆದು, ಚೀಟಿ ಕೊಟ್ಟಳು. ಇಳಿಯುವಾಗ ಕೇಳಿ ತೆಗೆದುಕೊಳ್ಳಿ ಎಂದಳು. ಎರಡು ದಿನ ಅಮ್ಮ ಪಾಸ್‌ಪೋರ್ಟಿನ ಹಾಗೆ ಕಾದುಕೊಂಡದ್ದು ಆ ಚೀಟಿಯನ್ನು.

ಬೇರೆ ಊರಿನವರಿಗೆ ಎರಡು ಮಾತು. ಬೆಂಗಳೂರಿನವರಿಗೆ ನಮಗಿಂತ ಸುಲಭ. ಉದ್ಯಾನ್ ಎಕ್ಸ್‌ಪ್ರೆಸ್ ನೇರ ಸಿಎಸ್‌ಎಂಟಿಗೇ ಹೋಗುತ್ತದೆ, ಅಲ್ಲಿಂದ ಬಲ್ಲಾರ್ಡ್ ಪಿಯರ್ ನಡೆದು ಹೋಗುವಷ್ಟು ಹತ್ತಿರ. ಆದರೆ ಹೆಚ್ಚುಕಡಿಮೆ 24 ಗಂಟೆಯ ಪ್ರಯಾಣ, ಮುಟ್ಟುವುದು ರಾತ್ರಿ, ಹಾಗಾಗಿ ಒಂದು ರಾತ್ರಿಯ ಲಾಡ್ಜ್ ಖರ್ಚು ಹೇಗೂ ಇದ್ದದ್ದೇ. ಹೊಸಪೇಟೆ, ಗದಗ, ಬಾಗಲಕೋಟೆ, ವಿಜಯಪುರದ ಕಡೆಯವರಿಗೂ ಸಿಎಸ್‌ಎಂಟಿಗೆ ನೇರ ಗಾಡಿ ಇದೆ. ಹುಬ್ಬಳ್ಳಿಯಿಂದ ದಾದರ್‌ಗೆ ಇದೆ. ದಾದರ್‌ನಲ್ಲೂ ಆಟೋ ಸಿಗುವುದಿಲ್ಲ, ನೆನಪಿರಲಿ. ಮಳೆಗಾಲದಲ್ಲಿ ಈ ಹಡಗುಗಳೂ ಓಡುವುದಿಲ್ಲ, ಕೊಂಕಣ ರೈಲು ಕೂಡ ನಿಧಾನದ ವೇಳಾಪಟ್ಟಿಗೆ ಬದಲಾಗುತ್ತದೆ.

ಹಡಗಿನ ಮೊದಲ ಸಂಜೆ ಅಮ್ಮ ರೇಲಿಂಗ್ ಹಿಡಿದು ಕತ್ತಲಾಗುವವರೆಗೂ ಒಳಗೆ ಬರಲಿಲ್ಲ. "ಚಾಪೆ ಇದ್ದಿದ್ರೆ ಇಲ್ಲೇ ಮಲಗಬಹುದಿತ್ತು" ಎಂದರು. ಶುಕ್ರವಾರ ಪೂರ್ತಿ ನೀರು. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಶನಿವಾರ ಬೆಳಿಗ್ಗೆ ಮುರಗಾಂವ್. ಗೋವಾದಲ್ಲಿ ಓಲಾ, ಊಬರ್ ಹುಡುಕಬೇಡಿ, ಇಲ್ಲ. ಬಂದರಿನ ಪಕ್ಕದ ವಾಸ್ಕೋದಿಂದ ಮಡಗಾಂವ್‌ಗೆ ಸರ್ಕಾರಿ ಕದಂಬ ಬಸ್ಸು ಬೇಕಾದಷ್ಟಿವೆ. ಸಾಮಾನಿನ ಕಾರಣಕ್ಕೆ ನಾವು ಟ್ಯಾಕ್ಸಿ ಮಾಡಿದೆವು, ಚೌಕಾಸಿ ಮಾಡಿದರೂ ದುಬಾರಿಯೇ ಬಿತ್ತು. ಇಡೀ ಪ್ರಯಾಣದಲ್ಲಿ ಹೊಟ್ಟೆ ಉರಿದ ಖರ್ಚು ಇದೊಂದೇ. ಮಡಗಾಂವ್ ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಸೂಟ್‌ಕೇಸ್ ಇಟ್ಟು, ಮಾರ್ಕೆಟ್ ಸುತ್ತಿ, ಊಟ ಮಾಡಿ ಬಂದೆವು. ಸಂಜೆ ಆರರ ನಂತರ ಮಂಗಳೂರಿಗೆ ವಂದೇ ಭಾರತ್ ಇದೆ, ಗುರುವಾರ ಮಾತ್ರ ಇಲ್ಲ. ನಡುವೆ ನಿಲ್ಲುವುದು ಕಾರವಾರ, ಉಡುಪಿ ಎರಡೇ ಕಡೆ.

ಗಾಡಿಗೆ ಇನ್ನೂ ಅರ್ಧ ಗಂಟೆ ಇತ್ತು. ಅಮ್ಮ ಮಾರ್ಕೆಟ್ಟಿನಲ್ಲಿ ಎರಡು ಎಳೆ ಸೌತೆಕಾಯಿ ಕೊಂಡದ್ದು ನನಗೆ ಗೊತ್ತೇ ಇರಲಿಲ್ಲ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ಬಂದರಿನಲ್ಲಿ ಚೀಟಿ ಕೊಟ್ಟು ಬಿಡಿಸಿಕೊಂಡಿದ್ದ ಕವರು ಹರಿದು, ಚೂರಿಯನ್ನು ಸೆರಗಿಗೆ ಒರೆಸಿ ಹೋಳು ಮಾಡಿದರು. ಉಪ್ಪು ಮಾತ್ರ ಇರಲಿಲ್ಲ.