ಮುಟ್ಟು ನಿಂತ ಮೇಲೆ ಮಿಲನ: ನೋವು ನುಂಗಬೇಡಿ

ಮುಟ್ಟು ನಿಂತ ಮೇಲೆ ಮಿಲನದ ಹೊತ್ತಿಗೆ ಉರಿ, ನೋವು ಶುರುವಾದರೆ ‘ವಯಸ್ಸಾಯಿತು, ಇನ್ನು ಸಾಕು’ ಎಂದು ಹಾಸಿಗೆ ಬೇರೆ ಮಾಡಿಕೊಳ್ಳುವವರಿದ್ದಾರೆ. ಸಾಮಾನ್ಯವಾಗಿ ಇದಕ್ಕೆ ಕಾರಣ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಳಿಯುವುದು. ಅದು ಇಳಿದಂತೆ ಯೋನಿಯ ಒಳಪದರ ತೆಳುವಾಗುತ್ತದೆ, ಪಸೆ ಆರುತ್ತದೆ. ಮೈ ಬಿಸಿಯೇರಿ ಬೆವರುವುದು ವರ್ಷಗಳಲ್ಲಿ ತಗ್ಗೀತು. ಆದರೆ ಈ ಒಣಗುವಿಕೆ ತಾನಾಗಿ ವಾಸಿಯಾಗುವುದು ಅಪರೂಪ.

ಮೊದಲು ಸೋಪು, ಸುಗಂಧದ ವಾಶ್ ಬಿಡಿ. ಹೊರಭಾಗಕ್ಕೆ ಬರೀ ನೀರು ಸಾಕು, ಒಳಗೆ ತೊಳೆಯಲೇಬೇಡಿ.

ಮುಂದೆ ಬೇಕಾಗುವುದು ಎರಡು ವಸ್ತು. ಎರಡೂ ಒಂದೇ ಎಂದುಕೊಳ್ಳುವುದರಲ್ಲೇ ಎಡವಟ್ಟಾಗುತ್ತದೆ. ಯೋನಿಗೆಂದೇ ಬರುವ ಮಾಯಿಶ್ಚರೈಸರನ್ನು ಮಿಲನ ಇರಲಿ, ಇಲ್ಲದಿರಲಿ, ವಾರಕ್ಕೆ 2–3 ರಾತ್ರಿ ಬಳಸಬೇಕು. ಲ್ಯೂಬ್ರಿಕೆಂಟ್, ಅಂದರೆ ಜಾರಿಕೆಯ ಜೆಲ್, ಮಿಲನದ ಹೊತ್ತಿಗಷ್ಟೇ: ಸುಮಾರು ಒಂದು ಚಮಚ, ಇಬ್ಬರಿಗೂ ಹಚ್ಚಿ. ಒಬ್ಬರಿಗೇ ಹಚ್ಚಿದರೆ ಇನ್ನೊಂದು ಕಡೆಯ ಒಣ ಚರ್ಮ ಉಜ್ಜುತ್ತದೆ. ನೀರಿನಂಶದ ಜೆಲ್ ಬೇಗ ಒಣಗಿ ಅಂಟಂಟಾಗುತ್ತದೆ. ಆಗ ಬೆರಳಲ್ಲಿ ಎರಡು ಹನಿ ನೀರು ಸವರಿದರೆ ಮತ್ತೆ ಜಾರುತ್ತದೆ. ಸಿಲಿಕೋನ್ ಜೆಲ್ ಹೆಚ್ಚು ಹೊತ್ತು ನಿಲ್ಲುತ್ತದೆ. ಎಣ್ಣೆ, ವ್ಯಾಸಲೀನ್ ಹಚ್ಚಿದರೆ ಲ್ಯಾಟೆಕ್ಸ್ ಕಾಂಡೋಮ್ ಹರಿಯಬಹುದು.

ಮುದ್ದಾಟಕ್ಕೆ 15–20 ನಿಮಿಷ ಕೊಡಿ, ಗಡಿಯಾರ ನೋಡಬೇಡಿ. ಹೆಂಡತಿ ಮೇಲಿದ್ದರೆ ಎಷ್ಟು ಆಳ, ಎಷ್ಟು ವೇಗ ಎಂಬುದು ಅವರ ಕೈಯಲ್ಲೇ ಇರುತ್ತದೆ. ಮಂಡಿನೋವಿದ್ದರೆ ಮಗ್ಗುಲಾಗಿ ಮಲಗಿ, ಮಂಡಿಗಳ ನಡುವೆ ದಿಂಬಿಡಿ. ನೋವಾದೊಡನೆ ನಿಲ್ಲಿಸಿ. ಹಲ್ಲು ಕಚ್ಚಿ ಸಹಿಸಿದರೆ ಮುಂದಿನ ಸಲ ಮುಟ್ಟುವ ಮೊದಲೇ ಸ್ನಾಯು ಬಿಗಿಯುತ್ತದೆ, ಬಿಗಿದಷ್ಟೂ ನೋವು ಹೆಚ್ಚು.

ಇಷ್ಟಕ್ಕೂ ಬಗ್ಗದಿದ್ದರೆ ಸ್ತ್ರೀರೋಗ ತಜ್ಞರು ಯೋನಿಯೊಳಗೆ ಇಡುವ ಅಲ್ಪ ಪ್ರಮಾಣದ ಈಸ್ಟ್ರೋಜನ್ ಕ್ರೀಮೋ ಮಾತ್ರೆಯೋ ಬರೆದುಕೊಡಬಹುದು. ಸಾಮಾನ್ಯವಾಗಿ 2 ವಾರ ದಿನಾ, ಆಮೇಲೆ ವಾರಕ್ಕೆ ಎರಡು ಸಲ. ಪೂರ್ತಿ ಗುಣ ಕಾಣಲು 12 ವಾರವೂ ಹಿಡಿಯಬಹುದು. ಹತ್ತು ದಿನಕ್ಕೇ ‘ಪ್ರಯೋಜನವಿಲ್ಲ’ ಎಂದು ಬಿಟ್ಟರೆ ದುಡ್ಡು ದಂಡ. ಸ್ತನ ಕ್ಯಾನ್ಸರ್ ಆಗಿದ್ದರೆ ಮೊದಲೇ ಹೇಳಿ.

ಇನ್ನು ಗಂಡಸರು. ನಿಮಿರುವಿಕೆ ಕುಂದುವುದು ಕೆಲವೊಮ್ಮೆ ಹೃದ್ರೋಗದ ಮುನ್ಸೂಚನೆ. ಮಾತ್ರೆ ಕೊಳ್ಳುವ ಮುಂಚೆ ಬಿಪಿ, ಸಕ್ಕರೆ ನೋಡಿಸಿ. ಎದೆನೋವಿಗೆ ನೈಟ್ರೇಟ್ ಔಷಧ ತೆಗೆದುಕೊಳ್ಳುವವರು ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್, ಟಾಡಾಲಾಫಿಲ್ ಮಾತ್ರೆ ಮುಟ್ಟಲೇಬಾರದು, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು.

ಮುಟ್ಟು ನಿಂತು 12 ತಿಂಗಳಾದ ಮೇಲೆ ಒಂದು ಹನಿ ರಕ್ತ ಕಂಡರೂ ‘ಒಣಗಿ ಗೀರಿರಬೇಕು’ ಎಂದು ಸುಮ್ಮನಾಗದೆ ಆ ವಾರವೇ ತೋರಿಸಿ.