ಹೈಸ್ಕೂಲ್ ಮಕ್ಕಳ ಜೊತೆ ಕ್ಯಾಲಿಫೋರ್ನಿಯಾಗೆ ಬಂದವರಿಗೆ: ಕಾಲೇಜ್ ಅಡ್ಮಿಶನ್ನಿಗೆ ಬೇಕಾದ ಎರಡನೇ ಭಾಷೆ

ದೊಡ್ಡ ಮಕ್ಕಳನ್ನ ಕರ್ಕೊಂಡು ಹೊಸದಾಗಿ ಬಂದೋರು ಮ್ಯಾಥ್ಸು ಸೈನ್ಸಿಗೆ ತುಂಬ ತಲೆ ಕೆಡಿಸ್ಕೋತಾರೆ, ಭಾಷೆ ವಿಷ್ಯ ಹನ್ನೊಂದನೇ ಕ್ಲಾಸಿಗೆ ಬಂದ್ಮೇಲೆ ನೆನಪಾಗುತ್ತೆ, ಅಷ್ಟೊತ್ತಿಗೆ ಟೈಮ್‌ಟೇಬಲ್ಲಲ್ಲಿ ಜಾಗನೇ ಇರಲ್ಲ. ದಯವಿಟ್ಟು ಒಂಬತ್ತನೇ ಕ್ಲಾಸಲ್ಲೇ ಇದನ್ನ ನೋಡ್ಕೊಳ್ಳಿ.

ಇಲ್ಲಿ ಹೈಸ್ಕೂಲ್ ಪಾಸಾಗೋಕೆ ಬೇಕಾಗಿರೋದೇ ಬೇರೆ, ಕಾಲೇಜಿಗೆ ಸೇರೋಕೆ ಬೇಕಾಗಿರೋದೇ ಬೇರೆ. ಬೇರೆ ಭಾಷೆ ಓದದೇನೂ ಡಿಪ್ಲೊಮಾ (ಹೈಸ್ಕೂಲ್ ಪಾಸಾದ ಸರ್ಟಿಫಿಕೇಟ್) ಸಿಗಬಹುದು, ಆದ್ರೆ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಬರ್ಕ್ಲಿ, ಯುಸಿಎಲ್‌ಎ ಎಲ್ಲ ಇದರಲ್ಲೇ ಬರೋದು) ಮತ್ತೆ ಕ್ಯಾಲ್ ಸ್ಟೇಟ್ ಯೂನಿವರ್ಸಿಟಿಗಳು ಎ-ಜಿ ಅಂತ 15 ಕೋರ್ಸ್ ಕೇಳ್ತವೆ, ಅದರಲ್ಲಿ 'ಇ' ಅಂದ್ರೆ ಇಂಗ್ಲಿಷ್ ಬಿಟ್ಟು ಬೇರೊಂದು ಭಾಷೆ, 2 ವರ್ಷ ಕಡ್ಡಾಯ, ಯುಸಿಯವರು 3 ವರ್ಷ ಓದಿದ್ರೆ ಒಳ್ಳೇದು ಅಂತಾರೆ. ಹಾರ್ವರ್ಡ್ ತರದವರು ಒಂದೇ ಭಾಷೆ 4 ವರ್ಷ ಓದಿರಲಿ ಅಂತ ಸಲಹೆ ಕೊಡ್ತಾರೆ.

ಎರಡು ವರ್ಷಾನೂ ಒಂದೇ ಭಾಷೆ ಆಗಿರ್ಬೇಕು. ಒಂದು ವರ್ಷ ಸ್ಪ್ಯಾನಿಶ್, ಬೇಜಾರಾಯ್ತು ಅಂತ ಮುಂದಿನ ವರ್ಷ ಫ್ರೆಂಚ್ ತಗೊಂಡ್ರೆ ನಡೆಯಲ್ಲ. ಗ್ರೇಡ್ ಸಿ ಅಥವಾ ಅದಕ್ಕಿಂತ ಮೇಲಿರ್ಬೇಕು. ಮೊದಲ ಲೆವೆಲ್ಲಲ್ಲಿ ಡಿ ಬಂದಿದ್ರೂ ಎರಡನೇ ಲೆವೆಲ್ಲಲ್ಲಿ ಸಿ ತೆಗೆದ್ರೆ ಯುಸಿ ಮೊದಲನೇದನ್ನೂ ಒಪ್ಕೊಳ್ಳುತ್ತೆ, ಹಾಗಾಗಿ ಒಂದು ಗ್ರೇಡ್ ಕಮ್ಮಿ ಬಂತು ಅಂತ ಮಗೂನ ಆ ಭಾಷೆಯಿಂದ ಬಿಡಿಸ್ಬೇಡಿ. ಏಳು ಎಂಟನೇ ಕ್ಲಾಸಲ್ಲಿ ಓದಿದ ಭಾಷೇನೂ ಲೆಕ್ಕಕ್ಕೆ ಬರುತ್ತೆ. ಅಮೆರಿಕನ್ ಸೈನ್ ಲ್ಯಾಂಗ್ವೇಜ್ ಕೂಡ ನಡೆಯುತ್ತೆ, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಯುಸಿಯವರ ಎ-ಜಿ ಕೋರ್ಸ್ ಲಿಸ್ಟಲ್ಲಿ ನಿಮ್ಮ ಸ್ಕೂಲ್ ಹೆಸರು ಹಾಕಿ ನೋಡಿ, ಯಾವ ಯಾವ ಕ್ಲಾಸು 'ಇ' ಕೆಳಗಿದೆ ಅಂತ ಕಾಣ್ಸುತ್ತೆ, ಅಲ್ಲಿ ಇಲ್ಲದ ಕ್ಲಾಸಿಗೆ ಸೇರಿಸೋಕೆ ಮುಂಚೆ ಕೌನ್ಸೆಲರ್ ಹತ್ರ ಕೇಳ್ಕೊಳ್ಳಿ.

ಈಗ ಕನ್ನಡದ ವಿಷ್ಯಕ್ಕೆ ಬರ್ತೀನಿ, ನನಗೆ ಮುಖ್ಯವಾಗಿ ಹೇಳ್ಬೇಕಾಗಿರೋದೂ ಇದೇ. ನಿಮ್ಮ ಮಗು ಆರನೇ ಕ್ಲಾಸು ಅಥವಾ ಅದಕ್ಕಿಂತ ಮೇಲೆ ಎರಡು ವರ್ಷ ಕನ್ನಡ ಮೀಡಿಯಮ್ಮಲ್ಲಿ ಓದಿದ್ರೆ ಯುಸಿಗೆ ಅಷ್ಟೇ ಸಾಕಾಗುತ್ತೆ. ಇಂಗ್ಲಿಷ್ ಮೀಡಿಯಮ್ ಆಗಿದ್ದು ಕನ್ನಡ ಒಂದು ಸಬ್ಜೆಕ್ಟ್ ಆಗಿದ್ರೂ ಮಾರ್ಕ್ಸ್ ಕಾರ್ಡ್ ತೆಗೆದುಕೊಂಡು ಹೋಗಿ ಕೌನ್ಸೆಲರಿಗೆ ತೋರ್ಸಿ, ಏನಕ್ಕೆ ಲೆಕ್ಕ ಆಗುತ್ತೆ ಅಂತ ಅವರೇ ಹೇಳ್ತಾರೆ. ಊರಿಂದ ಹೊರಡೋ ಮುಂಚೆ ಟಿಸಿ ಜೊತೆ ಆರನೇ ಕ್ಲಾಸಿಂದ ಎಲ್ಲ ಮಾರ್ಕ್ಸ್ ಕಾರ್ಡೂ ಸ್ಕೂಲ್ ಸೀಲ್ ಹಾಕ್ಸಿ ತನ್ನಿ, ಮೀಡಿಯಂ ಯಾವ್ದು ಅಂತ ಬರೆದಿರೋ ಒಂದು ಲೆಟರೂ ಇಸ್ಕೊಳ್ಳಿ, ಇಲ್ಲಿಂದ ಫೋನ್ ಮಾಡಿ ತರ್ಸೋದು ಬಹಳ ಕಷ್ಟ.

ಇಲ್ಲೇ ಬೆಳೆದ ಮಕ್ಕಳಿಗೆ ಇನ್ನೊಂದು ದಾರಿ. ಕನ್ನಡಕ್ಕೆ ಎಪಿ (ಹೈಸ್ಕೂಲಲ್ಲೇ ಬರೆಯೋ ಕಾಲೇಜ್ ಮಟ್ಟದ) ಪರೀಕ್ಷೆ ಇಲ್ಲ, ಆದ್ರೆ ಅವಾಂತ್ ಅನ್ನೋ ಕಂಪನಿಯವರ ಸ್ಟ್ಯಾಂಪ್ ಡಬ್ಲ್ಯುಎಸ್ ಅನ್ನೋ ಟೆಸ್ಟಲ್ಲಿ ಕನ್ನಡ ಇದೆ, ಬರೆಯೋದು ಮತ್ತೆ ಮಾತಾಡೋದು ಎರಡೇ ಭಾಗ. ಸೀಲ್ ಆಫ್ ಬೈಲಿಟರಸಿಗೂ (ಎರಡು ಭಾಷೆ ಚೆನ್ನಾಗಿ ಓದೋಕೆ ಬರೆಯೋಕೆ ಬರುತ್ತೆ ಅಂತ ಡಿಪ್ಲೊಮಾ ಮೇಲೆ ಹಾಕೋ ಮುದ್ರೆ, 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲೇ ಮೊದಲು ಶುರುವಾಗಿದ್ದು) ಇಂಥ ಸ್ಕೋರ್ ಬಳಸ್ತಾರೆ. ಆದ್ರೆ ಸೀಲ್ ಬೇರೆ, ಅಡ್ಮಿಶನ್ ಕ್ರೆಡಿಟ್ ಬೇರೆ, ಸ್ಕೋರ್ ನೋಡಿ ಕ್ರೆಡಿಟ್ ಕೊಡ್ತಾರಾ ಅಂತ ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್ ಆಫೀಸಲ್ಲಿ ಇಮೇಲ್ ಮೂಲಕನೇ ಕೇಳಿ, ಉತ್ತರ ಬರಹದಲ್ಲಿ ಇರ್ಲಿ.

ನಮ್ಮ ಮಕ್ಕಳಲ್ಲಿ ತುಂಬ ಜನ ಅಜ್ಜಿ ತಾತನ ಜೊತೆ ಪಟಪಟ ಅಂತ ಮಾತಾಡ್ತಾರೆ, ಬರೆಯೋಕೆ ಕೂತ್ರೆ ಒತ್ತಕ್ಷರ ಬಂದ ಕಡೆ ನಿಂತುಬಿಡ್ತಾರೆ. ಹಾಗಾಗಿ ವಾರಕ್ಕೆ ಒಂದು ಪುಟ ಏನಾದ್ರೂ ಬರೆಸಿ, ನೋಡಿದ ಸಿನಿಮಾ ಬಗ್ಗೆನೋ ಗೆಳೆಯರ ಬಗ್ಗೆನೋ, ತಪ್ಪನ್ನ ನೀವೇ ಪಕ್ಕದಲ್ಲಿ ಕೂತು ತಿದ್ದಿ.