ಉಸಿರು ಸಾಲದಾಗ ಬೋರಲು ಮಲಗುವುದು ಹೇಗೆ?

2021ರ ಏಪ್ರಿಲ್ ನೆನಪಿದೆ ಅಲ್ವಾ? ಜನ ಆಕ್ಸಿಜನ್ ಸಿಲಿಂಡರಿಗಾಗಿ ಊರೆಲ್ಲ ಅಲೆದ ದಿನಗಳು. ಮನೆಯಲ್ಲಿರುವ ಕೋವಿಡ್ ರೋಗಿಯ ಆಕ್ಸಿಜನ್ ಮಟ್ಟ 94ಕ್ಕಿಂತ ಇಳಿದರೆ ಬೋರಲು ಮಲಗಲಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಆಗ ಸಲಹೆ ಕೊಟ್ಟಿತು. ಬೇಕಿದ್ದದ್ದು ನಾಲ್ಕೈದು ದಿಂಬು.

ಶ್ವಾಸಕೋಶದ ಹೆಚ್ಚು ಭಾಗ ಇರುವುದು ಬೆನ್ನಿನ ಕಡೆ. ಅಂಗಾತ ಮಲಗಿದರೆ ಹೃದಯದ ಭಾರ, ಹೊಟ್ಟೆಯ ಒತ್ತಡ ಎರಡೂ ಅದರ ಮೇಲೆಯೇ ಬೀಳುತ್ತವೆ. ನ್ಯುಮೋನಿಯಾದಿಂದ ಊದಿದ ಶ್ವಾಸಕೋಶ ಮೊದಲೇ ಭಾರ. ಅಲ್ಲಿನ ಪುಟ್ಟ ಗಾಳಿಚೀಲಗಳು ಕುಸಿದು ಮುಚ್ಚಿಕೊಳ್ಳುತ್ತವೆ. ರಕ್ತ ಮಾತ್ರ ಅತ್ತ ಕಡೆಗೇ ಜಾಸ್ತಿ ಹರಿಯುತ್ತದೆ. ಗಾಳಿಯಿಲ್ಲದ ಕಡೆ ಹೋದ ರಕ್ತ ಆಕ್ಸಿಜನ್ ಸಿಗದೆ ಹಾಗೇ ವಾಪಸಾಗುತ್ತದೆ. ಬೋರಲಾದರೆ ಆ ಚೀಲಗಳ ಮೇಲಿನ ಭಾರ ಇಳಿದು ಅವು ತೆರೆಯುತ್ತವೆ. ಆಗಲೂ ರಕ್ತದ ಹೆಚ್ಚು ಪಾಲು ಬೆನ್ನಿನ ಕಡೆಗೇ ಹೋಗುತ್ತದೆ. ಗಾಳಿಗೂ ರಕ್ತಕ್ಕೂ ಮತ್ತೆ ಭೇಟಿಯಾಗುತ್ತದೆ.

2013ರಲ್ಲಿ ಫ್ರಾನ್ಸಿನ ವೈದ್ಯ ಕ್ಲೋಡ್ ಗೆರಾನ್ ತಂಡದ ಅಧ್ಯಯನ ಹೊರಬಂತು. ವೆಂಟಿಲೇಟರ್‌ನಲ್ಲಿದ್ದ ತೀವ್ರ ರೋಗಿಗಳಲ್ಲಿ, 28 ದಿನದೊಳಗಿನ ಸಾವು ಅಂಗಾತ ಮಲಗಿದವರಲ್ಲಿ ಶೇ 32.8, ಬೋರಲು ಮಲಗಿಸಿದವರಲ್ಲಿ ಶೇ 16. ಇದು ಐಸಿಯುವಿನ ಲೆಕ್ಕ. ಮನೆಯಲ್ಲೂ ಇಷ್ಟೇ ಫಲ ಸಿಗುತ್ತದೆ ಎಂದುಕೊಳ್ಳಬೇಡಿ.

ಆಕ್ಸಿಮೀಟರ್ 94ರ ಕೆಳಗೆ ತೋರಿಸಿದರೆ ಮೊದಲ ಕೆಲಸ ವೈದ್ಯರಿಗೆ ಫೋನ್. ಅವರು ಹೂಂ ಅಂದ ಮೇಲೆ ದಿಂಬು ಜೋಡಿಸಿ. ಕುತ್ತಿಗೆಯ ಕೆಳಗೆ ಒಂದು. ಎದೆಯಿಂದ ತೊಡೆಯ ಮೇಲ್ಭಾಗದವರೆಗೆ ಒಂದೋ ಎರಡೋ. ಮೊಣಕಾಲಿನಿಂದ ಕೆಳಗೆ, ಕಾಲಿನ ಅಡಿಗೆ ಎರಡು. ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಮೂಗು ಬಾಯಿಗೆ ಏನೂ ಅಡ್ಡ ಬರದಿರಲಿ. ಊಟವಾದ ಮೇಲೆ ಒಂದು ಗಂಟೆ ಬೇಡ.

ಅರ್ಧ ಗಂಟೆಯಿಂದ ಎರಡು ಗಂಟೆ ಹಾಗಿರಲಿ. ಆಮೇಲೆ ಬಲ ಮಗ್ಗುಲು, ನಂತರ ಒರಗಿ ಕೂರುವುದು, ಎಡ ಮಗ್ಗುಲು, ಮತ್ತೆ ಬೋರಲು. ಸುಸ್ತಾದವರಿಗೆ ಇದು ಸುಲಭವಲ್ಲ. ಪಕ್ಕದಲ್ಲಿ ಕೂತು ಬೆನ್ನು ಸವರಿ, ಬೇಕಾದಂತೆ ದಿಂಬು ಸರಿಸಿಕೊಡಿ. ಒತ್ತಾಯ ಮಾತ್ರ ಬೇಡ. ಮೂಳೆ ಒತ್ತುವ ಜಾಗಗಳಲ್ಲಿ ಚರ್ಮ ಕೆಂಪಾಗಿದೆಯಾ ನೋಡುತ್ತಿರಿ.

ಗರ್ಭಿಣಿಯರು, ಗಂಭೀರ ಹೃದಯ ಕಾಯಿಲೆ ಇರುವವರು, ಬೆನ್ನುಮೂಳೆ, ಸೊಂಟ ಅಥವಾ ತೊಡೆಮೂಳೆ ಮುರಿದವರು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಈಗಷ್ಟೇ ಚಿಕಿತ್ಸೆ ಶುರುವಾದವರು ಬೋರಲು ಮಲಗಬಾರದು. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿ ಏದುಸಿರು ಬಿಡುವವರನ್ನು ನೆಟ್ಟಗೆ ಕೂರಿಸಿ, ಕಾಲು ಕೆಳಕ್ಕೆ ಇಳಿಬಿಡಿಸಿ. ಆಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಉಸಿರು ಸ್ವಲ್ಪ ಹಗುರಾಗುತ್ತದೆ.

ಬೋರಲು ಮಲಗಿದರೂ ಅಂಕಿ ಏರದಿದ್ದರೆ, ತುಟಿ ನೀಲಿಯಾದರೆ, ಮಾತು ತೊದಲಿದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ರೋಗಿಗೆ ಯಾವ ಭಂಗಿಯಲ್ಲಿ ಉಸಿರು ಸಲೀಸೋ ಹಾಗೇ ಇರಲು ಬಿಡಿ.